ಆಷಾಢದ ಗಾಳಿಗೆ ದಾರಿ ಬೇಕು

ಆಷಾಢದಲ್ಲಿ ಸವದತ್ತಿಯ ಯಲ್ಲಮ್ಮನ ಗುಡ್ಡ ಹತ್ತಿದವರಿಗೆ ಅಲ್ಲಿನ ಗಾಳಿ ಗೊತ್ತು. ತಲೆ ಮೇಲೆ ಸೆರಗು ನಿಲ್ಲುವುದಿಲ್ಲ. ಒಂದು ಊದಿನಕಡ್ಡಿ ಹಚ್ಚೋಕೆ ನಾಲ್ಕು ಬೆಂಕಿಕಡ್ಡಿ ಬೇಕು. ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿರುತ್ತವೆ. ನಮ್ಮ ಕಡೆ ಅವುಗಳಿಗೆ ‘ಫ್ಯಾನ್’ ಅಂತಲೇ ಹೆಸರು. ಬಾಗಲಕೋಟೆ, ವಿಜಯಪುರದ ಬಯಲಿನಲ್ಲೂ ಈಗ ಅವು ಕಾಣುತ್ತವೆ.

ಕೊಲ್ಹಾರದ ಕಡೆ ನಮ್ಮ ಕಾಕಾ ಅವರ ಹೊಲ ಇದೆ. ಒಮ್ಮೆ ಅವರು ದೂರದ ಫ್ಯಾನ್ ತೋರಿಸಿ ಕೇಳಿದರು: “ಗಾಳಿ ಇಷ್ಟ್ ಬೀಸಾಕತ್ತೈತಿ, ಅವು ಯಾಕ ನಿಂತಾವ?” ರಿಪೇರಿಗೆ ನಿಲ್ಲಿಸಿರಬಹುದು. ಇನ್ನೊಂದು ಕಾರಣವೂ ಇರುತ್ತದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಹುಟ್ಟಿದ ಕರೆಂಟ್ ಹೊರಗೆ ಹೋಗೋಕೆ ಲೈನ್‌ನಲ್ಲಿ ಜಾಗ ಇರುವುದಿಲ್ಲ. ಆಗ ಗಾಳಿ ಇದ್ದರೂ ಫ್ಯಾನ್ ನಿಲ್ಲಿಸಲೇಬೇಕು.

ಗಾಳಿಯ ಲೆಕ್ಕವೇ ಹಾಗಿದೆ. ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರು ಗಾಳಿ ಜೋರಾದಾಗ ಫ್ಯಾನ್‌ಗಳು ಒಮ್ಮೆಲೇ ಕರೆಂಟ್ ಸುರಿಯುತ್ತವೆ. ಅದೇ ಹೊತ್ತಿಗೆ ಆಲಮಟ್ಟಿ ತುಂಬಿ, ಅಲ್ಲಿನ 290 ಮೆಗಾವಾಟ್‌ನ ವಿದ್ಯುದಾಗಾರವೂ ಓಡುತ್ತದೆ. ಆದರೆ ಮಳೆ ಬಿದ್ದ ಹೊಲಕ್ಕೆ ಮೋಟಾರ್ ಯಾರು ಹಾಕುತ್ತಾರೆ? ಬಾವಿ, ಬೋರ್‌ಗಳಿಗೆ ಕರೆಂಟ್ ಜಾಸ್ತಿ ಬೇಕಾಗೋದು ಫೆಬ್ರುವರಿ, ಮಾರ್ಚ್‌ನಲ್ಲಿ, ಗಾಳಿ ಮಂದವಾದಾಗ. ಹಾಗಾಗಿ ಆಷಾಢದ ಕರೆಂಟ್ ನಮ್ಮಲ್ಲೇ ಖರ್ಚಾಗುವುದಿಲ್ಲ, ದೂರದ ಊರುಗಳಿಗೆ ಹೋಗಲೇಬೇಕು.

ದೂರ ಕಳಿಸೋಕೆ ವೋಲ್ಟೇಜ್ ಏರಿಸಬೇಕು. ತಲಾ 3 ಮೆಗಾವಾಟ್‌ನ ನೂರು ಫ್ಯಾನ್ ಇವೆ ಅಂದುಕೊಳ್ಳಿ. ಅವುಗಳ ಕರೆಂಟನ್ನು ಮೊದಲು 33 ಕೆವಿ, ಅಂದರೆ 33 ಸಾವಿರ ವೋಲ್ಟ್‌ನ ತಂತಿಗಳಲ್ಲಿ ಪೂಲಿಂಗ್ ಸ್ಟೇಷನ್‌ಗೆ (ಎಲ್ಲ ಫ್ಯಾನ್‌ಗಳ ಕರೆಂಟ್ ಒಟ್ಟುಗೂಡುವ ಜಾಗ) ತರುತ್ತಾರೆ. ಎಲ್ಲವನ್ನೂ ಅದೇ ವೋಲ್ಟೇಜ್‌ನಲ್ಲಿ ಮುಂದೆ ಕಳಿಸಿದರೆ ತಂತಿಯಲ್ಲಿ ಐದು ಸಾವಿರ ಆಂಪಿಯರ್‌ಗೂ ಹೆಚ್ಚು ಹರಿಯಬೇಕು. ತಂತಿ ಕಾದು ಕೆಂಡ ಆಗುತ್ತದೆ. ಅದಕ್ಕೇ ಅಲ್ಲಿ 220 ಕೆವಿಗೆ ಏರಿಸುತ್ತಾರೆ. ಆಗ 800 ಆಂಪಿಯರ್ ಕೂಡ ಬೇಕಾಗಲ್ಲ. ಅದೇ ತಂತಿಯಲ್ಲಿ ಬಿಸಿಯಾಗಿ ಸೋರಿಹೋಗುವ ಕರೆಂಟ್ ಸುಮಾರು ನಲವತ್ತನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಲೈನ್ ಎಷ್ಟು ಕೆವಿಯದು ಅಂತ ದಾರಿಯಲ್ಲಿ ನಿಂತೇ ಅಂದಾಜು ಮಾಡಬಹುದು. ಟವರ್‌ನ ತೋಳಿಂದ ತಂತಿಯವರೆಗೆ ಪಿಂಗಾಣಿ ಅಥವಾ ಗಾಜಿನ ಬಿಲ್ಲೆಗಳ ಸರ ಇಳಿಬಿದ್ದಿರುತ್ತದಲ್ಲ, ಅದನ್ನು ಎಣಿಸಿ. ಹದಿಮೂರು, ಹದಿನಾಲ್ಕು ಇದ್ದರೆ 220. ಇಪ್ಪತ್ತಮೂರರ ಆಸುಪಾಸು ಇದ್ದರೆ 400. ಕೂಡಗಿಯ 2,400 ಮೆಗಾವಾಟ್‌ನ ಸ್ಥಾವರದಿಂದ ಧಾರವಾಡದ ಹತ್ತಿರದ ನರೇಂದ್ರಕ್ಕೆ ಹೋಗುವುದು 400 ಕೆವಿ ಲೈನ್. ಕಾಕಾ ಅವರ ಹೊಲದಲ್ಲಿ ನಿಂತು ನಾನು ಬಿಲ್ಲೆ ಎಣಿಸಿದ್ದೇನೆ. ಮಳೆ ಹನಿಯುವಾಗ ಮೇಲಿನಿಂದ ಜೇನುಹುಳದ ಹಾಗೆ ಗುಂಯ್ ಅನ್ನುವ ಸದ್ದು ಬರುತ್ತದೆ.

ಪಕ್ಕದ ಸೊಲ್ಲಾಪುರವನ್ನೂ ನೆನೆಯಬೇಕು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಚಾಲೂ ಆಯಿತು. ಅವತ್ತೇ ದಕ್ಷಿಣದ ಗ್ರಿಡ್, ಅಂದರೆ ದಕ್ಷಿಣ ರಾಜ್ಯಗಳ ವಿದ್ಯುತ್ ಜಾಲ, ದೇಶದ ಉಳಿದ ಗ್ರಿಡ್ ಜೊತೆ 50 ಹರ್ಟ್ಸ್‌ನ ಒಂದೇ ತಾಳಕ್ಕೆ ಸೇರಿತು. ಒಂದು ಲೈನ್‌ನಿಂದ ಇಷ್ಟು ದೊಡ್ಡ ಕೆಲಸ ಆಗುತ್ತದೆ.

ಆದರೆ ಲೈನ್ ಎಳೆಯುವುದು ಹೊಸ ಫ್ಯಾನ್ ಹಾಕಿದಷ್ಟು ಬೇಗ ಮುಗಿಯುವುದಿಲ್ಲ. ಫ್ಯಾನ್‌ಗೆ ಒಬ್ಬ ರೈತರ ಜೊತೆ ಮಾತಾಡಿದರೆ ಸಾಕು. ಲೈನ್‌ಗೆ ನೂರಾರು ಹೊಲ ದಾಟಬೇಕು. ಮೇಲಾಗಿ ನಮ್ಮದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಇಳಿಯುವಷ್ಟು ಬಿರಿಯುತ್ತದೆ. ಅದರಲ್ಲಿ ಟವರ್ ಅಲುಗಾಡದೆ ನಿಲ್ಲಬೇಕಾದರೆ ಬುನಾದಿ ದೊಡ್ಡದಾಗಿ ಹಾಕಬೇಕು. ಮಳೆಗಾಲದಲ್ಲಿ ಕಾಂಕ್ರೀಟ್ ಗಾಡಿ ಹೊಲಕ್ಕೆ ಇಳಿದರೆ ಗಾಲಿ ಹೂತುಹೋಗುತ್ತದೆ.

220 ಕೆವಿ ಲೈನ್‌ಗೆ 35 ಮೀಟರ್ ಅಗಲದ ಪಟ್ಟಿ ಬೇಕು. ಒಂದು ಕಿಲೋಮೀಟರ್‌ಗೆ ಲೆಕ್ಕ ಹಾಕಿದರೆ ಎಂಟೂವರೆ ಎಕರೆಗೂ ಸ್ವಲ್ಪ ಹೆಚ್ಚೇ ಆಯಿತು. ಅದರ ಕೆಳಗೆ ಜೋಳ, ಕಡಲೆ ಬೆಳೆಯಬಹುದು. ತೆಂಗು, ಮನೆ ಆಗಲ್ಲ. ಬೋರ್ ಕೊರೆಯುವ ಗಾಡಿ ನಿಲ್ಲಿಸೋಕೆ ಆಗಲ್ಲ. ಕಬ್ಬಿನ ರವದಿಗೆ ಬೆಂಕಿ ಹಚ್ಚಿದರೆ ಬಿಸಿ ಹೊಗೆಯ ಮೂಲಕ ಕರೆಂಟ್ ನೆಲಕ್ಕೆ ಹಾರಿ ಲೈನೇ ಟ್ರಿಪ್ ಆಗಬಹುದು. ಇಷ್ಟೆಲ್ಲ ಕಟ್ಟುಪಾಡು ಇದ್ದರೂ ಜಮೀನು ರೈತರ ಹೆಸರಲ್ಲೇ ಉಳಿಯುತ್ತದೆ. ಯಾಕೆಂದರೆ ಲೈನ್ ಎಳೆಯೋಕೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರವನ್ನೇ ಬಳಸುತ್ತ ಬಂದಿದ್ದಾರೆ. ಭೂಸ್ವಾಧೀನ ಇಲ್ಲ, ಪರಿಹಾರ ಮಾತ್ರ. ಕೇಂದ್ರದ 2015ರ ಮಾರ್ಗಸೂಚಿಯಲ್ಲಿ ಟವರ್ ನಿಲ್ಲುವ ಜಾಗಕ್ಕೆ ಜಮೀನಿನ ಬೆಲೆಯ ಶೇ 85, ಪಟ್ಟಿಗೆ ಶೇ 15 ಇತ್ತು. 2024ರಲ್ಲಿ ಅದನ್ನು ಶೇ 200 ಮತ್ತು ಶೇ 30ಕ್ಕೆ ಏರಿಸಿದ್ದಾರೆ. ಇದು ಒಳ್ಳೆಯ ಹೆಜ್ಜೆ. ಆದರೂ ಫ್ಯಾನ್ ಇರುವ ಹೊಲದವರು ಊರಲ್ಲಿ ನಗುತ್ತ ಓಡಾಡುವಾಗ, ತಂತಿ ಹಾದುಹೋದ ಹೊಲದವರು ತಮಗೆ ಮೋಸ ಆಯಿತು ಅಂದುಕೊಂಡೇ ಇರುತ್ತಾರೆ. ಈ ನೋವು ಸುಮ್ನೆ ಹುಟ್ಟಿದ್ದಲ್ಲ. ಲೈನ್ ತಡವಾಗೋಕೆ ಇದೂ ದೊಡ್ಡ ಕಾರಣ ಅಂತ ನನಗೆ ಅನಿಸುತ್ತದೆ.

ಇರುವ ಲೈನನ್ನೇ ಇನ್ನೂ ಚೆನ್ನಾಗಿ ದುಡಿಸಿಕೊಳ್ಳಬಹುದು, ಅಲ್ವಾ? ಗಾಳಿಗೋಸ್ಕರ ಎಳೆದ ಲೈನ್ ಬೇಸಿಗೆಯಲ್ಲಿ ಬಹುಪಾಲು ಖಾಲಿ ಇರುತ್ತದೆ. ನಮ್ಮಲ್ಲಿ ಬೇಸಿಗೆ ಬಿಸಿಲಿಗೆ ಬರವಿಲ್ಲ. ಮೋಡ ಕವಿದು ಬಿಸಿಲು ಕಡಿಮೆಯಾದಾಗ ಗಾಳಿ ಜೋರು, ಗಾಳಿ ಇಳಿದಾಗ ಬಿಸಿಲು ಜೋರು. ಜೋಳದ ಹೊಲದಲ್ಲಿ ಅಕ್ಕಡಿ ಹಾಕಿದ ಹಾಗೆ, ಫ್ಯಾನ್ ಇರುವ ಕಡೆಯೇ ಸೋಲಾರ್ ಹಾಕಿ ಒಂದೇ ಲೈನ್‌ಗೆ ಕೊಡಬಹುದು. 2018ರ ರಾಷ್ಟ್ರೀಯ ಪವನ–ಸೌರ ಹೈಬ್ರಿಡ್ ನೀತಿಯ ತಿರುಳೂ ಇದೇ.

ಆದರೂ ಹೊಸ ಲೈನ್ ಬೇಕೇ ಬೇಕು. ಅದು ಫ್ಯಾನ್‌ಗಿಂತ ಮೊದಲು ಬರಬೇಕು. ಕಾಕಾ ಅವರ ಹೊಲದ ನಟ್ಟನಡುವೆ ಟವರ್‌ನ ನಾಲ್ಕು ಕಾಲಿವೆ. ಪ್ರತಿ ಹಿಂಗಾರಿಗೂ ಕೂರಿಗೆ ಅಲ್ಲಿಗೆ ಬಂದು ಸುತ್ತು ಹಾಕುತ್ತದೆ. ಒಳಗಿನ ಜಾಗದಲ್ಲಿ ಕಸ ಬೆಳೆಯುತ್ತದೆ, ಅದನ್ನು ಕೈಯಿಂದಲೇ ಕೀಳಬೇಕು. ಇನ್ನೊಂದು ಲೈನ್ ಬಂದರೆ ಏನು ಮಾಡ್ತೀರಿ ಅಂತ ಕೇಳಿದೆ. “ಬರಲಿ ಬಿಡಪಾ, ಕರೆಂಟ್ ಎಲ್ಲಾರಿಗೂ ಬೇಕು. ಆದ್ರ ಸರ್ವೆಕ್ಕ ಬಂದಾಗ ನನ್ನ ಒಂದ್ ಮಾತ್ ಕೇಳ್ಲಿ. ಬದುವಿನ ಮ್ಯಾಲ ನಿಲ್ಲಸ್ರಿ ಅಂತ ಹೇಳ್ತೀನಿ” ಅಂದರು. ಅವರು ತೋರಿಸಿದ ಬದು ಆ ಟವರ್‌ನಿಂದ ಮೂವತ್ತು ಹೆಜ್ಜೆ ದೂರವಿತ್ತು.