ತೂಕ ಇಳಿದ ಖುಷಿಗೆ ದೋಸೆ ಬೇಡ, ದೋಸೆಯ ಆಸೆಗೆ ದೋಸೆ ತಿನ್ನಿ

ಶನಿವಾರ ಬೆಳಿಗ್ಗೆ ನನ್ನ ಕ್ಲಿನಿಕ್ಕಿಗೆ ತೂಕ ನೋಡಿಸಲು ಬರುವವರಲ್ಲಿ ಬಹಳಷ್ಟು ಮಂದಿ ತಿಂಡಿ ತಿಂದಿರುವುದಿಲ್ಲ. ಕೆಲವರು ಹಿಂದಿನ ರಾತ್ರಿಯ ಊಟವನ್ನೂ ಬಿಟ್ಟು ಬಂದಿರುತ್ತಾರೆ. ಚಪ್ಪಲಿ ಕಳಚಿ, ಮೊಬೈಲು ಪರ್ಸು ಮೇಜಿನ ಮೇಲಿಟ್ಟು, ಉಸಿರು ಬಿಗಿಹಿಡಿದು ಮಷೀನಿನ ಮೇಲೆ ನಿಲ್ಲುತ್ತಾರೆ. ಮುಕ್ಕಾಲು ಕೆ.ಜಿ. ಇಳಿದಿದೆ ಎಂದೊಡನೆ ಮುಖ ಅರಳುತ್ತದೆ. ಅದರ ಹಿಂದೆಯೇ ಪ್ರಶ್ನೆ: ‘ಹಂಗಾದ್ರೆ ಇವತ್ತೊಂದಿನ ಬೆಣ್ಣೆದೋಸೆ ತಿನ್ಬೋದಲ್ರಿ ಮೇಡಂ?’

ದಾವಣಗೆರೆಯಲ್ಲಿ ಆಹಾರ ಸಲಹೆ ಕೊಡುತ್ತಾ ಕೂತವಳಿಗೆ ಬೇರೆ ಯಾವ ಪ್ರಶ್ನೆ ಬಂದೀತು? ತಿನ್ನಬಹುದು. ಈ ಊರಿನಲ್ಲಿದ್ದುಕೊಂಡು ಬೆಣ್ಣೆದೋಸೆಯನ್ನು ಜನ್ಮಕ್ಕೂ ಮುಟ್ಟಬೇಡಿ ಎನ್ನುವ ಡಯಟ್ಟನ್ನು ಯಾರೂ ಬಹಳ ಕಾಲ ಪಾಲಿಸುವುದಿಲ್ಲ. ನನ್ನ ತಕರಾರು ದೋಸೆಯ ಮೇಲಲ್ಲ. ವಾರವಿಡೀ ಕಷ್ಟಪಟ್ಟಿದ್ದೇನೆ, ಅದಕ್ಕೆ ಪ್ರತಿಯಾಗಿ ದೋಸೆ ನನಗೆ ಸಲ್ಲಬೇಕು ಎಂಬ ಲೆಕ್ಕಾಚಾರದ ಮೇಲೆ. ಇದನ್ನು ವರ್ಷಗಳಿಂದ ಹೇಳುತ್ತಿದ್ದೇನೆ. ಕೇಳಿದವರು ತಲೆಯಾಡಿಸಿ ಹೋಗುತ್ತಾರೆ. ಮುಂದಿನ ವಾರ ಬಂದು ‘ನೀವು ದೋಸೆ ಬ್ಯಾಡ ಅಂದಿದ್ರಲ್ರಿ, ಅದಕ್ಕೇ ಮಿರ್ಚಿ ಮಂಡಕ್ಕಿ ತಿಂದೆ’ ಎನ್ನುತ್ತಾರೆ. ಆದ್ದರಿಂದ ಒಮ್ಮೆ ಬಿಡಿಸಿ ಬರೆಯಬೇಕೆನಿಸಿತು.

ಮೊದಲು ಕ್ಯಾಲೊರಿಯ ಮಾತು ಮುಗಿಸಿಬಿಡುತ್ತೇನೆ, ಏಕೆಂದರೆ ಎಲ್ಲರೂ ಅದೇ ಮುಖ್ಯ ಎಂದುಕೊಂಡಿದ್ದಾರೆ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ ಸುಮಾರು 100 ಕ್ಯಾಲೊರಿ ಇರುತ್ತದೆ. ಕಾವಲಿಯ ಮೇಲೆ ಎಷ್ಟು ಚಮಚ ಬಿತ್ತು ಎನ್ನುವುದು ದೋಸೆ ಹುಯ್ಯುವವರ ಕೈಗೆ ಬಿಟ್ಟದ್ದು. ಆಲೂಗಡ್ಡೆ ಪಲ್ಯ, ಕಾಯಿಚಟ್ನಿ ಸೇರಿದರೆ ಒಂದು ದೋಸೆಗೆ 400ರಿಂದ 500 ಎಂದು ನಾನು ಅಂದಾಜು ಹಿಡಿಯುತ್ತೇನೆ. 70 ಕೆ.ಜಿ. ತೂಗುವವರು ಮುಕ್ಕಾಲು ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು 200ರ ಸುತ್ತಮುತ್ತ. ಎರಡು ದಿನದ ವಾಕಿಂಗು ಒಂದು ದೋಸೆಗೆ ವಜಾ ಆಯಿತು ಎಂದು ಲೆಕ್ಕ ಹಾಕಿ ಜನ ಹೆದರುತ್ತಾರೆ. ಹೆದರುವಂಥದ್ದೇನಿಲ್ಲ. ಉಳಿದ ದಿನಗಳ ಊಟ ಸರಿಯಾಗಿದ್ದರೆ, ತಿಂಗಳಿಗೆ ಎರಡು ಮೂರು ದೋಸೆ ಯಾರ ಪ್ರಯತ್ನವನ್ನೂ ಹಾಳುಮಾಡಿದ್ದನ್ನು ನಾನು ಕಂಡಿಲ್ಲ.

ಹಾಳುಮಾಡುವುದು ಬೇರೆಯೇ. ದೋಸೆಯನ್ನು ಕೂಲಿಯಾಗಿ ಕೊಡಲು ಶುರುಮಾಡಿದ ದಿನದಿಂದ ವಾರದ ಉಳಿದ ಊಟವೆಲ್ಲ ಕೂಲಿಗಾಗಿ ಮಾಡುವ ದುಡಿಮೆಯಾಗುತ್ತದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಮೊಳಕೆಕಾಳು, ಮಜ್ಜಿಗೆ ಇವು ನಮ್ಮ ಕಡೆಯ ಜನ ಇಷ್ಟಪಟ್ಟೇ ತಿಂದು ಬೆಳೆದದ್ದು. ಮಂಡಿ ವ್ಯಾಪಾರದ ಒಬ್ಬರು ನನ್ನ ಬಳಿ ಬರುತ್ತಿದ್ದರು (ಇಲ್ಲಿ ಹೇಳುವ ಎಲ್ಲರ ವಿವರಗಳನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ). ಬಂದ ಹೊಸತರಲ್ಲಿ ತಾಯಿಯ ಕೈಯ ರೊಟ್ಟಿ-ಪಲ್ಯದ ರುಚಿಯನ್ನು ಬಾಯಿ ತುಂಬ ಹೊಗಳುತ್ತಿದ್ದ ಮನುಷ್ಯ. ಅದನ್ನೇ ತಿನ್ನಿ ಸಾಕು ಎಂದೆ. ಅವರೇ ಅದಕ್ಕೊಂದು ಶನಿವಾರದ ಬಹುಮಾನವನ್ನೂ ಸೇರಿಸಿಕೊಂಡರು. ಕೆಲವು ತಿಂಗಳ ಮೇಲೆ ಬಂದು ಹೇಳಿದ್ದು: ‘ಆ ಹುಲ್ಲು ತಿಂದು ತಿಂದು ಸಾಕಾಗೇತ್ರಿ.’ ಪಲ್ಯ ಅದೇ, ಮಾಡುವ ಕೈಯೂ ಅದೇ. ಅವರ ಪಾಲಿಗೆ ಅದೀಗ ಶನಿವಾರ ಬರುವ ತನಕ ನುಂಗಬೇಕಾದ ವಸ್ತುವಾಗಿತ್ತು.

ಇದು ನನ್ನೊಬ್ಬಳ ಅನಿಸಿಕೆಯಲ್ಲ. ಅಮೆರಿಕದ ಲಿಯಾನ್ ಬರ್ಚ್ ಮತ್ತು ಸಂಗಡಿಗರು ಪುಟ್ಟ ಮಕ್ಕಳ ತಿನ್ನುವ ಅಭ್ಯಾಸಗಳ ಬಗ್ಗೆ ಪ್ರಯೋಗಗಳನ್ನು ಮಾಡಿದ್ದರು. 1980ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಾವ ತಿನಿಸನ್ನು ಬಹುಮಾನವಾಗಿ ಕೊಟ್ಟರೋ ಆ ತಿನಿಸಿನ ಮೇಲೆ ಮಕ್ಕಳಿಗೆ ಮೊದಲಿಗಿಂತ ಇಷ್ಟ ಹೆಚ್ಚಾಯಿತು. 1984ರ ಅಧ್ಯಯನದಲ್ಲಿ ಇದರ ಇನ್ನೊಂದು ಮಗ್ಗುಲು ಕಂಡಿತು: ಒಂದು ಪಾನೀಯ ಕುಡಿದರೆ ಬಹುಮಾನ ಸಿಗುತ್ತದೆ ಎಂದು ಕುಡಿಸಿದಾಗ, ಆ ಪಾನೀಯವೇ ಮಕ್ಕಳಿಗೆ ಮೊದಲಿನಷ್ಟು ಹಿಡಿಸದಾಯಿತು. ಮಕ್ಕಳ ಮೇಲಿನ ಪ್ರಯೋಗವನ್ನು ದೊಡ್ಡವರಿಗೆ ಹಾಗೆಹಾಗೇ ಅನ್ವಯಿಸಬಾರದು, ಒಪ್ಪುತ್ತೇನೆ. ಆದರೆ ನನ್ನ ಮುಂದಿನ ಕುರ್ಚಿಯಲ್ಲಿ ಕೂರುವವರಲ್ಲಿ ‘ಪಲ್ಯ ತಿಂದ್ರೆ ಚಾಕ್ಲೇಟ್ ಕೊಡ್ತೀನಿ’ ಎಂದು ಬೆಳೆಸಿದ ಮಕ್ಕಳೂ ಇದ್ದಾರೆ, ಹಾಗೆ ಬೆಳೆಸುತ್ತಿರುವ ತಾಯಂದಿರೂ ಇದ್ದಾರೆ. ನಲವತ್ತನೆಯ ವಯಸ್ಸಿನಲ್ಲಿ ಅವರು ತಮಗೆ ತಾವೇ ಹೇಳಿಕೊಳ್ಳುತ್ತಿರುವುದೂ ಅದನ್ನೇ.

ದೋಸೆ ತಿನ್ನಬೇಕೆನಿಸಿದರೆ ಭಾನುವಾರ ಮನೆಮಂದಿಯೊಂದಿಗೆ ಹೋಗಿ ತಿನ್ನಿ. ಬಿಸಿಯಿರುವಾಗಲೇ, ನಿಧಾನವಾಗಿ, ಸುಖವಾಗಿ ತಿನ್ನಿ. ಆ ವಾರ ತೂಕ ಇಳಿದಿರಲಿ, ಏರಿರಲಿ, ನಿಂತಲ್ಲೇ ನಿಂತಿರಲಿ, ತಿನ್ನಿ. ಮೊದಲೇ ಗೊತ್ತಿರುವುದರಿಂದ ಅಂದಿನ ಮಧ್ಯಾಹ್ನದ ಊಟವನ್ನು ಹಗುರ ಮಾಡಿಕೊಳ್ಳಬಹುದು. ಮಷೀನಿನ ಅಂಕಿಗೂ ಆ ದೋಸೆಗೂ ಸಂಬಂಧ ಇರಬಾರದು, ಅಷ್ಟೇ. ಇದನ್ನು ನಾನು ಎಷ್ಟು ಸಲ ಹೇಳಿದರೂ ‘ಹಂಗಾದ್ರೆ ಏರಿದ್ರೂ ತಿನ್ಬೋದಾ?’ ಎಂದು ಅನುಮಾನದಿಂದ ನೋಡುತ್ತಾರೆ. ಹೌದು, ಏರಿದರೂ ತಿನ್ನಬಹುದು. ಏರಿದ ವಾರ ದೋಸೆ ಕಿತ್ತುಕೊಂಡರೆ ಅದು ಶಿಕ್ಷೆ. ಬಹುಮಾನ ಇದ್ದಲ್ಲಿ ಶಿಕ್ಷೆಯೂ ಇದ್ದೇ ಇರುತ್ತದೆ, ಮತ್ತು ಶಿಕ್ಷೆಗೆ ಹೆದರಿದವರು ಮುಂದಿನ ಶನಿವಾರ ಕ್ಲಿನಿಕ್ಕಿಗೆ ಬರುವುದನ್ನೇ ಬಿಡುತ್ತಾರೆ. ನನಗೆ ನಿಜವಾಗಿ ನೋವಾಗುವುದು ಅಲ್ಲಿ. ಒಳ್ಳೆಯ ದಾರಿಯಲ್ಲಿದ್ದವರು, ಅರ್ಧ ಕೆ.ಜಿ. ಏರಿದ್ದಕ್ಕೆ ನಾಚಿ, ಫೋನ್ ಕೂಡ ಎತ್ತದೆ ಕಳೆದುಹೋಗುತ್ತಾರೆ.

ಆ ಅಂಕಿಯಾದರೂ ಎಂಥದ್ದು? ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಸುಮಾರು ಅರ್ಧ ಕೆ.ಜಿ.ಯಷ್ಟು ಪಿಷ್ಟ ಗ್ಲೈಕೋಜನ್ ರೂಪದಲ್ಲಿ ದಾಸ್ತಾನಿರುತ್ತದೆ. ಒಂದೊಂದು ಗ್ರಾಂ ಗ್ಲೈಕೋಜನ್ ಜೊತೆಗೆ ಹೆಚ್ಚುಕಡಿಮೆ 3 ಗ್ರಾಂ ನೀರು ಇರುತ್ತದೆ. ಊಟ ಒಮ್ಮೆಲೇ ಕಡಿಮೆ ಮಾಡಿದಾಗ ಮೊದಲು ಕರಗುವುದು ಈ ದಾಸ್ತಾನು, ನೀರೂ ಅದರೊಂದಿಗೆ ಹೋಗುತ್ತದೆ. ಮೊದಲ ವಾರ ಒಂದೂವರೆ ಎರಡು ಕೆ.ಜಿ. ಇಳಿದು ಮನೆಯಲ್ಲಿ ಹಬ್ಬ ಮಾಡುತ್ತಾರಲ್ಲ, ಅದರಲ್ಲಿ ಬಹುಪಾಲು ನೀರು. ಒಂದು ಕೆ.ಜಿ. ಕೊಬ್ಬು ಕರಗಬೇಕಾದರೆ ಅಂದಾಜು 7,700 ಕ್ಯಾಲೊರಿಯ ಕೊರತೆ ಆಗಬೇಕು. ದಿನಕ್ಕೆ 500ರಂತೆ ಕಡಿಮೆ ತಿಂದರೂ ಎರಡು ವಾರ ಹಿಡಿಯುತ್ತದೆ. ಅದೇ ರೀತಿ ದೋಸೆ ತಿಂದ ಮರುದಿನ ಒಂದು ಕೆ.ಜಿ. ಏರಿದ್ದು ಕೂಡ ಕೊಬ್ಬಲ್ಲ. ಉಪ್ಪು, ಪಿಷ್ಟ ಸೇರಿ ನೀರನ್ನು ಹಿಡಿದಿಟ್ಟುಕೊಂಡಿವೆ, ಹೊಟ್ಟೆಯಲ್ಲಿ ತಿಂದದ್ದು ಇನ್ನೂ ಇದೆ. ಹೆಂಗಸರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ಹೆಚ್ಚೇನೂ ತಿನ್ನದಿದ್ದರೂ ಎಷ್ಟೋ ಸಲ ಮುಳ್ಳು ಮೇಲೇರುತ್ತದೆ. ಹೀಗೆ ದಿನದಿಂದ ದಿನಕ್ಕೆ ಒಂದೆರಡು ಕೆ.ಜಿ. ಓಲಾಡುವ ಅಂಕಿಯನ್ನು ನಂಬಿ ನಿಮಗೆ ನೀವೇ ಬಹುಮಾನವನ್ನೋ ಶಿಕ್ಷೆಯನ್ನೋ ಕೊಟ್ಟುಕೊಳ್ಳುವುದು ನ್ಯಾಯವಲ್ಲ. ಶುಕ್ರವಾರ ರಾತ್ರಿ ಉಪವಾಸವಿದ್ದು ಶನಿವಾರ ಗೆಲ್ಲುವವರಂತೂ ಖಾಲಿ ಹೊಟ್ಟೆಯನ್ನಷ್ಟೇ ತೂಗಿಸಿಕೊಂಡು ಹೋಗುತ್ತಾರೆ.

ಹಾಗಾದರೆ ತಿಂಡಿ ಬಿಟ್ಟು ಬೇರೆ ದೊಡ್ಡ ಬಹುಮಾನ ಇಟ್ಟುಕೊಂಡರೆ? ಒಬ್ಬ ಗೃಹಿಣಿಗೆ ಅವರ ಯಜಮಾನರು, ಹತ್ತು ಕೆ.ಜಿ. ಇಳಿಸಿದರೆ ಒಂದು ಜೊತೆ ಬಂಗಾರದ ಬಳೆ ಎಂದರು. ಪ್ರೀತಿಯಿಂದ ಹೇಳಿದ್ದೇ, ಅದರಲ್ಲಿ ಸಂಶಯವಿಲ್ಲ. ಆಕೆ ರಾತ್ರಿಯೂಟ ಬಿಟ್ಟರು, ಆಮೇಲೆ ಮಧ್ಯಾಹ್ನದ ಅನ್ನ ಬಿಟ್ಟರು, ನನಗೆ ಹೇಳದೆ ಯಾವುದೋ ಪುಡಿಯನ್ನೂ ಕುಡಿದರು. ಬಳೆ ಬಂತು. ಕೂದಲು ಉದುರಿತು, ಮೆಟ್ಟಿಲು ಹತ್ತಿದರೆ ಸುಸ್ತು ಎನ್ನುವ ಹಾಗಾಯಿತು. ಬಳೆ ಬಂದ ಮೇಲೆ ಮುಂದೆ ಹಾಗೆ ಬದುಕಲು ಕಾರಣವೂ ಉಳಿಯಲಿಲ್ಲ, ತೂಕ ತಿರುಗಿ ಬಂತು. 2008ರಲ್ಲಿ ಪೆನ್ಸಿಲ್ವೇನಿಯಾದ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲೂ ಇಂಥದ್ದೇ ಕಂಡಿದೆ. 57 ಮಂದಿ, ಮೂರು ಗುಂಪು, 16 ವಾರ. ಇಳಿಸದಿದ್ದರೆ ಕಳೆದುಕೊಳ್ಳುತ್ತೇವೆಂದು ತಮ್ಮ ಹಣವನ್ನೇ ಪಣವಿಟ್ಟವರೂ, ಇಳಿಸಿದರೆ ಲಾಟರಿಯಲ್ಲಿ ಹಣ ಸಿಕ್ಕೀತೆಂಬ ಆಸೆ ಇದ್ದವರೂ ಸರಾಸರಿ 6 ಕೆ.ಜಿ.ಯ ಆಸುಪಾಸು ಇಳಿಸಿದರು. ಹಣದ ಆಸೆ ಇಲ್ಲದವರು 2 ಕೆ.ಜಿ.ಗೂ ಕಡಿಮೆ. ಹಣದ ಬಲ ದೊಡ್ಡದೇ. ಆದರೆ ಏಳು ತಿಂಗಳಿಗೆ ತಿರುಗಿ ನೋಡಿದಾಗ ಇಳಿಸಿದ್ದರಲ್ಲಿ ಬಹಳಷ್ಟು ವಾಪಸು ಬಂದಿತ್ತು, ಗುಂಪುಗಳ ನಡುವೆ ಗಟ್ಟಿಯಾಗಿ ಹೇಳುವಂಥ ವ್ಯತ್ಯಾಸ ಉಳಿದಿರಲಿಲ್ಲ.

ನಾನು ಹೇಳುವುದು ಇಷ್ಟು: ಬಹುಮಾನ ಬೇಕೆನಿಸಿದರೆ ಅದು ಮಾಡಿದ ಕೆಲಸಕ್ಕಿರಲಿ, ಮಷೀನಿನ ಅಂಕಿಗೆ ಬೇಡ. ತೂಕ ಎಷ್ಟಿಳಿಯಬೇಕು ಎನ್ನುವುದು ನಿಮ್ಮ ಕೈಯಲ್ಲಿಲ್ಲ. ಬೆಳಿಗ್ಗೆ ಎದ್ದು ಕುಂದವಾಡ ಕೆರೆಯ ದಂಡೆಯಲ್ಲಿ ನಡೆಯುವುದು ನಿಮ್ಮ ಕೈಯಲ್ಲಿದೆ. ಸಂಜೆ ಅಂಗಡಿ ಹುಡುಗ ಎಲ್ಲರಿಗೂ ಬೋಂಡಾ ತಂದಾಗ ಹುರಿಗಡಲೆ ತಿಂದು ಮಜ್ಜಿಗೆ ಕುಡಿಯುವುದು ನಿಮ್ಮ ಕೈಯಲ್ಲಿದೆ. ಒಂದು ತಿಂಗಳು ತಪ್ಪದೆ ನಡೆದವರು ಒಳ್ಳೆಯ ಶೂ ಕೊಳ್ಳಲಿ; ಅದು ಮುಂದಿನ ತಿಂಗಳ ನಡಿಗೆಗೂ ಆಗುತ್ತದೆ. ಮಕ್ಕಳನ್ನು ಕರೆದುಕೊಂಡು ಸೂಳೆಕೆರೆಗೆ ಹೋಗಿ ಬನ್ನಿ. ತಿಂಗಳಿಗೊಮ್ಮೆ ಟೇಪಿನಲ್ಲಿ ಸೊಂಟದ ಸುತ್ತಳತೆ ನೋಡಿಕೊಳ್ಳಿ. ನಮ್ಮ ದೇಶದವರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಬಾರದು ಎಂಬ ಮಿತಿ ಇದೆ, ತೂಕ ನಿಂತಾಗಲೂ ಸೊಂಟ ಇಳಿಯುತ್ತಿರುವುದು ಎಷ್ಟೋ ಜನರಲ್ಲಿ ಕಾಣುತ್ತದೆ. ಶುಗರ್, ಬಿಪಿ ಇರುವವರಿಗಂತೂ ದೇಹದ ತೂಕದ ನೂರಕ್ಕೆ ಐದು ಭಾಗ ಇಳಿದರೂ ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಸುಧಾರಣೆ ಕಾಣುತ್ತದೆ. 80 ಕೆ.ಜಿ. ಇರುವವರಿಗೆ ಅದು ಬರೀ 4 ಕೆ.ಜಿ.

ಹೆಂಗಸರ ವಿಷಯಕ್ಕೆ ಬಂದರೆ ನನ್ನ ಮಾತು ಸ್ವಲ್ಪ ತಡೆಯುತ್ತದೆ. ‘ತಿನ್ನೋದು ಬಿಟ್ಟು ನಿಮಗೆ ಖುಷಿ ಕೊಡೋದು ಇನ್ನೇನಿದೆ?’ ಎಂದು ಕೇಳಿದರೆ ಎಷ್ಟೋ ಜನ ಉತ್ತರ ತೋಚದೆ ಸುಮ್ಮನಾಗುತ್ತಾರೆ. ಅವರನ್ನು ಹಾಗೆ ಯಾರೂ ಕೇಳಿರುವುದಿಲ್ಲ. ದಿನವಿಡೀ ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು, ರಾತ್ರಿ ಹತ್ತಕ್ಕೆ ಅಡುಗೆಮನೆಯಲ್ಲಿ ಒಬ್ಬರೇ ನಿಂತು ಬಾಯಿಗೆ ಹಾಕಿಕೊಳ್ಳುವ ಒಂದು ತುಂಡು ಮೈಸೂರುಪಾಕು ಅವರ ಪಾಲಿನ ಏಕೈಕ ಸುಖ. ಅದನ್ನು ಕಿತ್ತುಕೊಳ್ಳುವ ಮುಂಚೆ ಅದರ ಜಾಗದಲ್ಲಿ ಏನನ್ನಿಡುತ್ತೇವೆ ಎಂದು ಯೋಚಿಸದ ಸಲಹೆಗಾರರ ಮೇಲೆ ನನಗೆ ಸಿಟ್ಟಿದೆ. ಒಬ್ಬಾಕೆ ಬಹಳ ಹೊತ್ತು ಯೋಚಿಸಿ, ‘ಮಧ್ಯಾಹ್ನ ಒಂದು ತಾಸು ಬಾಗಿಲು ಹಾಕ್ಕೊಂಡು ಮಲಗ್ಬೇಕ್ರಿ, ಯಾರೂ ಕೂಗಬಾರ್ದು’ ಎಂದರು. ಡಯಟ್ ಚಾರ್ಟಿನ ಕೊನೆಗೆ ಅದನ್ನೂ ಬರೆದೆ: ವಾರದಲ್ಲಿ ಐದು ದಿನ ನಡೆದರೆ, ಎರಡು ಮಧ್ಯಾಹ್ನ ನಿದ್ದೆ. ಅವರ ಅತ್ತೆ ಆ ಚೀಟಿಯನ್ನು ಫ್ರಿಜ್ಜಿನ ಮೇಲೆ ಅಂಟಿಸಿದರಂತೆ. ಸೊಸೆ ಮಲಗಿದಾಗ ಮೊಮ್ಮಕ್ಕಳನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿಕೊಂಡು ಕಾಯುತ್ತಾರಂತೆ. ನಿದ್ದೆ ಸರಿಹೋದ ಮೇಲೆ ರಾತ್ರಿಯ ಸಿಹಿಯ ಸೆಳೆತವೂ ಅವರಲ್ಲಿ ತಗ್ಗಿತು. ಎಲ್ಲರಲ್ಲೂ ಹಾಗಾಗುತ್ತದೆ ಎಂದು ಭರವಸೆ ಕೊಡಲಾರೆ.

ಇಬ್ಬರಿಗೆ ಮಾತ್ರ ಖಡಾಖಂಡಿತವಾಗಿ ಹೇಳಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಶುಗರ್ ಮಾತ್ರೆ ತೆಗೆದುಕೊಳ್ಳುವವರು ತೂಕ ತೋರಿಸುವ ಸಲುವಾಗಿ ಊಟ ಬಿಡಲೇಬಾರದು. ಸಕ್ಕರೆ ಕುಸಿದು ದಾರಿಯಲ್ಲೇ ಬೀಳುವ ಅಪಾಯವಿದೆ. ಊಟದ ಪ್ರಮಾಣ ಬದಲಿಸುವ ಮೊದಲು ಔಷಧಿ ಬರೆದುಕೊಟ್ಟ ವೈದ್ಯರನ್ನು ಕೇಳಿ. ಎರಡನೆಯವರು, ‘ಇವತ್ತೊಂದಿನ’ ಎಂದು ಶುರುಮಾಡಿ ನಿಲ್ಲಿಸಲಾಗದೆ ಗುಟ್ಟಾಗಿ ತಿಂದು, ಆಮೇಲೆ ಅಳುವವರು, ವಾಂತಿ ಮಾಡಿಕೊಳ್ಳುವವರು. ಇದು ಮನೋವೈದ್ಯರು ಗುಣಪಡಿಸಬಲ್ಲ ಕಾಯಿಲೆ. ಡಯಟ್ ಚಾರ್ಟು ಕೊಟ್ಟು ಇದನ್ನು ಸರಿಮಾಡಲು ಬರುವುದಿಲ್ಲ, ನಾನು ಪ್ರಯತ್ನಿಸುವುದೂ ಇಲ್ಲ, ಅವರಲ್ಲಿಗೇ ಕಳಿಸುತ್ತೇನೆ.

ಹಬ್ಬದ ಬಗ್ಗೆ ಕೇಳುವವರಿಗೆ: ಯುಗಾದಿಯ ಹೋಳಿಗೆಯನ್ನು ಯಾವ ಸಾಧನೆ ಮಾಡದೆಯೂ ತಿನ್ನಬಹುದು. ಎಲೆಗೆ ಮೊದಲು ಕೋಸಂಬರಿ, ಪಲ್ಯ ಹಾಕಿಸಿಕೊಳ್ಳಿ, ತುಪ್ಪ ಹಾಕಿದ ಹೋಳಿಗೆ ಒಂದೋ ಎರಡೋ ತಿನ್ನಿ, ಸಂಜೆ ಹಸಿವಾಗದಿದ್ದರೆ ಮಜ್ಜಿಗೆ ಕುಡಿದು ಮಲಗಿ. ಹಬ್ಬದ ಮರುದಿನ ಮಷೀನು ಹತ್ತಬೇಡಿ. ಮೂರು ನಾಲ್ಕು ದಿನ ಎಂದಿನಂತೆ ಉಂಡು ನಡೆದು, ಆಮೇಲೆ ಬೆಳಗಿನ ತಿಂಡಿ ತಿಂದೇ ಕ್ಲಿನಿಕ್ಕಿಗೆ ಬನ್ನಿ.