ಆಳ ಮತ್ತು ನೀರಿನ ಬಿಸಿ ತೋರಿಸುವ ಸೆನ್ಸರ್ ಕೈಕೊಟ್ಟಾಗ: ತಪ್ಪಿನ ಚಾಳಿ ಹಿಡಿಯುವುದು

ಬೋಟಿನ ಆಳದ ಮೀಟರ್ ಏನೇನೋ ತೋರಿಸತೊಡಗಿದರೆ ನಮ್ಮಲ್ಲಿ ಮೊದಲು ಏಳುವ ಪ್ರಶ್ನೆ, ಹೊಸ ಸೆನ್ಸರ್‌ಗೆ ಎಷ್ಟಾಗುತ್ತೆ ಅಂತ. ಆ ಪ್ರಶ್ನೆ ಕೊನೆಗಿರಲಿ. ಮೊದಲು ನೋಡಬೇಕಾದ್ದು ಅದು ಹೇಗೆ ತಪ್ಪುತ್ತಿದೆ ಅನ್ನುವುದನ್ನು. ಯಾವಾಗಲೂ ಅಷ್ಟೇ ಅಷ್ಟು ಕಮ್ಮಿ ತೋರಿಸುತ್ತಾ? ಬೋಟು ಓಡುವಾಗ ಮಾತ್ರ ತಪ್ಪಾ? ಸರಿಯಾಗಿ ಎರಡರಷ್ಟು ಬರುತ್ತಾ? ಎಂಜಿನ್ ಶುರುವಾದ ಕೂಡಲೇ ಕುಣಿಯುತ್ತಾ? ತಪ್ಪಿಗೂ ಒಂದು ಚಾಳಿ ಇರುತ್ತದೆ. ಅದು ಸಿಕ್ಕರೆ ಕೆಟ್ಟಿರುವ ಜಾಗ ಮುಕ್ಕಾಲು ಪಾಲು ಸಿಕ್ಕ ಹಾಗೆ.

ಬೆಂಗಳೂರಲ್ಲಿದ್ದು ಬೋಟು ಕಲಿಯುವವರಿಗೆ ಇದು ಇನ್ನೂ ಮುಖ್ಯ. ಹಲಸೂರು ಕೆರೆಯಲ್ಲಿ ಒಂದು ಸುತ್ತು ಹೋಗಿಬರಲು ಆಳದ ಮೀಟರ್ ಯಾರಿಗೂ ಬೇಕಿಲ್ಲ. ಅದು ಬೇಕಾಗುವುದು ಶರಾವತಿ ಹಿನ್ನೀರಿನಲ್ಲಿ, ಇಲ್ಲವೇ ಕಾರವಾರದ ಕಡಲಲ್ಲಿ. ಕೆಟ್ಟಿದೆ ಅಂತ ಗೊತ್ತಾಗುವುದು ಅಲ್ಲಿ, ವೈರು-ಕನೆಕ್ಟರ್ ಸಿಗುವುದು ಇಲ್ಲಿ ಎಸ್.ಪಿ. ರಸ್ತೆಯಲ್ಲಿ. ಹಾಗಾಗಿ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳನ್ನು ಇಲ್ಲಿ ಜಾಸ್ತಿ ಬರೆದಿದ್ದೇನೆ.

ಅದು ಅಳೆಯುವುದು ಸಮಯವನ್ನು

ಬೋಟಿನ ಅಡಿಯಲ್ಲಿರುವ ಟ್ರಾನ್ಸ್‌ಡ್ಯೂಸರ್ (ಅದೇ ಆಳದ ಸೆನ್ಸರ್) ಒಳಗೆ ಒಂದು ಪೀಜೋ ಬಿಲ್ಲೆ ಇರುತ್ತದೆ. ಕರೆಂಟ್ ಕೊಟ್ಟರೆ ಅದು ಕಂಪಿಸಿ ನಮ್ಮ ಕಿವಿಗೆ ಕೇಳದ ಸದ್ದು ಮಾಡುತ್ತದೆ. ಸಾಮಾನ್ಯವಾಗಿ 200 ಅಥವಾ 50 ಕಿಲೋಹರ್ಟ್ಸ್. ಸದ್ದು ತಳಕ್ಕೆ ಬಡಿದು ವಾಪಸ್ ಬಂದಾಗ ಅದೇ ಬಿಲ್ಲೆ ಕೇಳಿಸಿಕೊಳ್ಳುತ್ತದೆ. ಹೋಗಿಬರಲು ಹಿಡಿದ ಸಮಯವನ್ನು ನೀರಿನಲ್ಲಿ ಸದ್ದಿನ ವೇಗದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಆಳ. 10 ಮೀಟರ್ ನೀರಾದರೆ ಸುಮಾರು 13 ಮಿಲಿಸೆಕೆಂಡ್.

ಇಲ್ಲೊಂದು ತಪ್ಪು ತಿಳಿವಳಿಕೆ ಓಡಾಡುತ್ತಿದೆ. ನೀರಿನ ಬಿಸಿ ತೋರಿಸುವ ಸೆನ್ಸರ್ ಕೆಟ್ಟಿದ್ದಕ್ಕೇ ಆಳ ತಪ್ಪುತ್ತಿದೆ ಅಂತ. ಲೆಕ್ಕ ಹಾಕಿ ನೋಡೋಣ. ಸಿಹಿನೀರಿನಲ್ಲಿ ಸದ್ದಿನ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 1482 ಮೀಟರ್, 30 ಡಿಗ್ರಿಯಲ್ಲಿ 1509. ಪೂರಾ ಹತ್ತು ಡಿಗ್ರಿ ಹೆಚ್ಚುಕಮ್ಮಿ ಆದರೂ 10 ಮೀಟರ್ ಆಳಕ್ಕೆ ಬರುವ ವ್ಯತ್ಯಾಸ 18 ಸೆಂಟಿಮೀಟರ್ ಅಷ್ಟೇ. ಎಷ್ಟೋ ಮೀಟರ್‌ಗಳು 1500 ಅಂತ ಒಂದೇ ಸಂಖ್ಯೆ ಇಟ್ಟುಕೊಂಡಿರುತ್ತವೆ. ನಮ್ಮ ಜಲಾಶಯಗಳ 25 ಡಿಗ್ರಿ ನೀರಿಗೆ ಅದು ಹೆಚ್ಚುಕಡಿಮೆ ಸರಿಯೇ. ಬೆಚ್ಚಗಿನ ಕಡಲಲ್ಲಿ ವೇಗ 1540ರ ಹತ್ತಿರ ಹೋಗುತ್ತದೆ. ಆಗ 10 ಮೀಟರ್ ಇದ್ದಲ್ಲಿ ಮೀಟರ್ 9.7 ತೋರಿಸುತ್ತದೆ. ಕಮ್ಮಿ ತೋರಿಸಿದರೆ ನಮಗೇನೂ ಅಪಾಯವಿಲ್ಲ, ಅಲ್ವಾ? ಹಾಗಾಗಿ ನಿಮ್ಮ ಮೀಟರ್ ಅರ್ಧ ಮೀಟರ್, ಒಂದು ಮೀಟರ್ ತಪ್ಪುತ್ತಿದ್ದರೆ ನೀರಿನ ಬಿಸಿಯನ್ನು ದೂರಬೇಡಿ.

ಮೊದಲು ಹಗ್ಗ

ಹಾರ್ಡ್‌ವೇರ್ ಅಂಗಡಿಯಲ್ಲಿ ಗಾರೆ ಕೆಲಸದವರು ಕೊಳ್ಳುವ ತೂಕದ ಗುಂಡು ಸಿಗುತ್ತದೆ. ಜೊತೆಗೆ ಹೆಚ್ಚು ಹಿಗ್ಗದ ಹಗ್ಗ ತನ್ನಿ. ಹಗ್ಗವನ್ನು ನೆನೆಸಿ, ಎಳೆದು ಹಿಡಿದು, ಆಮೇಲೆ ಅರ್ಧರ್ಧ ಮೀಟರ್‌ಗೆ ಗುರುತು ಮಾಡಿ. ಒಣ ಹಗ್ಗಕ್ಕೆ ಗುರುತು ಹಾಕಿದರೆ ನೆಂದಾಗ ಉದ್ದ ಬದಲಾಗಬಹುದು. ಗುಂಡಿನ ತಳಕ್ಕೆ ಒಂದಿಷ್ಟು ಬಟ್ಟೆ ಸೋಪು ಮೆತ್ತಿ. ತಳದ ಮಣ್ಣೋ ಮರಳೋ ಅದಕ್ಕೆ ಅಂಟಿಕೊಂಡು ಬರುತ್ತದೆ. ಕಡಲಿನವರು ಹಿಂದಿನಿಂದಲೂ ಗುಂಡಿನ ತಳಕ್ಕೆ ಕೊಬ್ಬು ಹಚ್ಚಿ ಇದನ್ನೇ ಮಾಡುತ್ತಿದ್ದರು.

ಬೋಟು ನಿಲ್ಲಿಸಿ, ಎಂಜಿನ್ ಆರಿಸಿ, ಸಮತಟ್ಟಾದ ತಳ ಇರುವ ಕಡೆ ಹಗ್ಗ ಬಿಡಿ. ಮೀಟರ್ ಏನು ಹೇಳಿತು, ಹಗ್ಗ ಏನು ಹೇಳಿತು, ಎರಡನ್ನೂ ಬರೆದುಕೊಳ್ಳಿ. ಬೇರೆ ಬೇರೆ ಆಳದಲ್ಲಿ ಮಾಡಿ. ಇಷ್ಟು ಮಾಡದೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವುದರಲ್ಲಿ ಅರ್ಥವೇ ಇಲ್ಲ.

ಎಲ್ಲ ಕಡೆ ಒಂದೇ ಅಳತೆಯ ತಪ್ಪು

ಇದ್ದರೆ ಇದು ಸೆನ್ಸರ್ ತೊಂದರೆ ಅಲ್ಲ, ಆಫ್‌ಸೆಟ್ ಅನ್ನುವ ಸೆಟ್ಟಿಂಗ್. ಟ್ರಾನ್ಸ್‌ಡ್ಯೂಸರ್‌ಗೆ ತಿಳಿಯುವುದು ತನ್ನ ಮುಖದಿಂದ ತಳದವರೆಗಿನ ದೂರ. ಅದು ನೀರಿನ ಮಟ್ಟದಿಂದ 30 ಸೆಂ.ಮೀ. ಕೆಳಗಿದೆ, ಬೋಟಿನ ಅತಿ ತಗ್ಗಿನ ಭಾಗ ಅದಕ್ಕಿಂತ 40 ಸೆಂ.ಮೀ. ಕೆಳಗಿದೆ ಅಂದುಕೊಳ್ಳಿ. ಸೆನ್ಸರ್ 2 ಮೀಟರ್ ಅಂದಾಗ ನೀರಿನ ಆಳ 2.3. ನಿಮ್ಮ ಬೋಟಿನ ಕೆಳಗೆ ಉಳಿದಿರುವುದು 1.6. ಮೂರೂ ಸರಿಯೇ. ಎಲ್ಲಿಂದ ಅಳೆದದ್ದು ಅನ್ನುವುದೊಂದೇ ಪ್ರಶ್ನೆ.

ಪೇಪರಿನಲ್ಲಿ ಬರುವ ಜಲಾಶಯದ ಮಟ್ಟದಲ್ಲೂ ಇದೇ ಕತೆ. ಕೆಆರ್‌ಎಸ್ ತುಂಬಿದಾಗ 124.80 ಅಡಿ, ಲಿಂಗನಮಕ್ಕಿ ತುಂಬಿದಾಗ 1819 ಅಡಿ. ಲಿಂಗನಮಕ್ಕಿ ಹದಿನೈದು ಪಟ್ಟು ಆಳ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಒಂದು ಅಣೆಕಟ್ಟಿನ ಬುಡದಿಂದ ಹೇಳುವ ಲೆಕ್ಕ, ಇನ್ನೊಂದು ಸಮುದ್ರ ಮಟ್ಟದಿಂದ.

ಹೆಚ್ಚಿನ ಮೀಟರ್‌ಗಳಲ್ಲಿ ಆಫ್‌ಸೆಟ್‌ಗೆ ಪ್ಲಸ್ ಕೊಟ್ಟರೆ ನೀರಿನ ಮಟ್ಟದಿಂದ, ಮೈನಸ್ ಕೊಟ್ಟರೆ ಬೋಟಿನ ತಳದಿಂದ. ನನ್ನ ಮಟ್ಟಿಗೆ ಕಲಿಯುವವರು ಎರಡನೆಯದನ್ನೇ ಇಟ್ಟುಕೊಳ್ಳುವುದು ವಾಸಿ. ಸೊನ್ನೆ ಬಂತು ಅಂದರೆ ತಗುಲಿತು ಅಂತ, ತಲೆಯಲ್ಲಿ ಲೆಕ್ಕ ಬೇಡ. ಆದರೆ ಸೆಂಟರ್‌ಬೋರ್ಡ್ (ತಳದಿಂದ ನೀರಿಗೆ ಇಳಿಸಿ ಎತ್ತುವ ಹಲಗೆ) ಇರುವ ಹಾಯಿದೋಣಿಯವರು ಹುಷಾರು. ಬೋರ್ಡ್ ಮೇಲಿದೆಯೋ ಕೆಳಗಿದೆಯೋ ಮೀಟರ್‌ಗೆ ಗೊತ್ತಾಗುವುದಿಲ್ಲ.

ಹೇಳದೆ ಬಿಡಬಾರದ ಇನ್ನೊಂದು: ಹಗ್ಗ 3 ಅಂದಾಗ ಮೀಟರ್ 10 ಅಂದರೆ ಅದು ಅಡಿಯಲ್ಲಿ ಓದುತ್ತಿದೆ.

ಎರಡರಷ್ಟು

ಗಟ್ಟಿ ತಳ, ಕಮ್ಮಿ ನೀರು. ಸದ್ದು ತಳಕ್ಕೆ ಬಡಿದು ಮೇಲೆ ಬಂದು, ನೀರಿನ ಮೇಲ್ಮೈಗೆ ಬಡಿದು, ಮತ್ತೆ ಕೆಳಗೆ ಹೋಗಿ ಬರುತ್ತದೆ. ಮೀಟರ್ ಈ ಎರಡನೇ ಸುತ್ತನ್ನು ಹಿಡಿದುಕೊಂಡರೆ 1.5 ಇದ್ದಲ್ಲಿ 3 ಬರುತ್ತದೆ. ತುಂಬಾ ಕಮ್ಮಿ ನೀರಿನಲ್ಲಿ, ಅಂದರೆ ಅರ್ಧ-ಮುಕ್ಕಾಲು ಮೀಟರ್‌ಗೂ ಕೆಳಗೆ, ಇದು ಇನ್ನೂ ಜಾಸ್ತಿ. ಬಿಲ್ಲೆ ತಾನು ಮಾಡಿದ ಸದ್ದಿನ ನಡುಕ ನಿಲ್ಲುವ ಮೊದಲೇ ಮೊದಲ ಮಾರ್ದನಿ ಬಂದು ಹೋಗಿರುತ್ತದೆ. ಗೇನ್, ಅಂದರೆ ಮಾರ್ದನಿಯನ್ನು ಎಷ್ಟು ಹಿಗ್ಗಿಸಿ ಕೇಳಬೇಕು ಅನ್ನುವ ಸೆಟ್ಟಿಂಗ್, ಇಳಿಸಿ ನೋಡಿ. ದಡಕ್ಕೆ ಬರುವಾಗ ಆಳ ಕಮ್ಮಿಯಾಗುತ್ತಾ ಬಂದು ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಮೀಟರ್ ಬಿಟ್ಟು, ದೋಣಿಯ ಹುಟ್ಟನ್ನು ನೀರಿಗಿಳಿಸಿ ಅದನ್ನು ನಂಬಿ.

ಓಡುವಾಗ ಮಾತ್ರ

ಇದು ಅತಿ ಸಾಮಾನ್ಯ. ಕಾರಣ ಗಾಳಿ. ನೀರಿನಿಂದ ಗಾಳಿಗೆ ಹೋಗುವ ಕಡೆ ಸದ್ದು ಹೆಚ್ಚುಕಡಿಮೆ ಪೂರ್ತಿ ವಾಪಸ್ ಬಂದುಬಿಡುತ್ತದೆ. ಟ್ರಾನ್ಸ್‌ಡ್ಯೂಸರ್ ಮುಖದ ಮೇಲೆ ತೆಳ್ಳಗೆ ಒಂದು ಗುಳ್ಳೆಪದರ ಹರಿದರೂ ಸಾಕು, ಅದು ಕಿವುಡು. ಆಗ ಕೆಲವು ಡಿಸ್‌ಪ್ಲೇಗಳು ಗೆರೆ ತೋರಿಸುತ್ತವೆ. ಕೆಲವು ಕೊನೆಗೆ ಸಿಕ್ಕ ಸಂಖ್ಯೆಯನ್ನೇ ಮಿನುಗಿಸುತ್ತಾ ಕೂರುತ್ತವೆ. ಮಿನುಗುವ ಸಂಖ್ಯೆ ಹಳೆಯದು, ಈಗಿನದ್ದಲ್ಲ. ಹೊಸಬರು ಮೋಸ ಹೋಗುವುದು ಇಲ್ಲಿ.

ಬೋಟು ನಿಂತಾಗ ಸರಿ, ವೇಗ ಏರಿದಂತೆ ಹಾಳು ಅಂದರೆ ಸೆನ್ಸರ್ ಕೂತಿರುವ ಜಾಗ ನೋಡಿ. ಅದರ ಮುಂದೆ ರಿವೆಟ್ ಸಾಲೋ ನೀರೆಳೆಯುವ ರಂಧ್ರವೋ ಇದ್ದರೆ ಗುಳ್ಳೆ ಅಲ್ಲಿಂದಲೇ ಬರುತ್ತದೆ. ಪ್ರೊಪೆಲ್ಲರ್‌ಗೆ ತೀರಾ ಹತ್ತಿರ ಇದ್ದರೂ ಅಷ್ಟೇ. ಹಿಂಬದಿಯ ಹಲಗೆಗೆ ಬ್ರ್ಯಾಕೆಟ್ ಹಾಕಿ ಕೂರಿಸಿದ್ದರೆ ಸ್ವಲ್ಪ ಕೆಳಗಿಳಿಸಿ ಅಥವಾ ಕೋನ ಬದಲಿಸಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಪಾಚಿ ಕಟ್ಟಿದ್ದರೆ ಸೋಪು ನೀರು, ಮೆತ್ತನೆ ಬಟ್ಟೆ ಸಾಕು. ಥಿನ್ನರ್, ಅಸಿಟೋನ್ ಹತ್ತಿರಕ್ಕೂ ತರಬೇಡಿ, ಪ್ಲಾಸ್ಟಿಕ್ ಮುಖ ಹಾಳಾಗುತ್ತದೆ.

ಕೆಲವರು ಬೋಟಿಗೆ ತೂತು ಬೇಡ ಅಂತ ಸೆನ್ಸರನ್ನು ಒಳಗಿನಿಂದ ಅಂಟಿಸುತ್ತಾರೆ. ಗಟ್ಟಿ ಫೈಬರ್ ಆದರೆ ನಡೆಯುತ್ತದೆ. ನಡುವೆ ಫೋಮ್ ಇರುವ ತಳವಾದರೆ ಇಲ್ಲ, ಫೋಮಿನೊಳಗೆ ಇರುವುದೇ ಗಾಳಿ. ಅಂಟಿಸುವ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ, ಬೋಟಿನೊಳಗೆ ಆ ಜಾಗದಲ್ಲಿಟ್ಟು, ಸೆನ್ಸರನ್ನು ಅದಕ್ಕೆ ಒತ್ತಿ ಹಿಡಿದು ನೋಡಿ. ಆಳ ಬಂದರೆ ಜಾಗ ಸರಿ. ಹೀಗೆ ಒಳಗೆ ಕೂತ ಸೆನ್ಸರ್ ನೀರಿನ ಬಿಸಿಯನ್ನು ಸರಿಯಾಗಿ ಹೇಳಲಾರದು. ಅದಕ್ಕೆ ತಿಳಿಯುವುದು ಬೋಟಿನ ತಳದ ಬಿಸಿ.

ಎಂಜಿನ್ ಶುರುಮಾಡಿದಾಗ ಡಿಸ್‌ಪ್ಲೇ ಆರಿ ಹತ್ತಿದರೆ ಬ್ಯಾಟರಿ ವೋಲ್ಟೇಜ್ ಕುಸಿಯುತ್ತಿದೆ. ಓಡುವಷ್ಟು ಹೊತ್ತೂ ಚುಕ್ಕೆ ಚುಕ್ಕೆ ಬಂದರೆ ಸೆನ್ಸರ್ ಕೇಬಲ್ ಮೋಟರಿನ ವೈರಿನ ಜೊತೆ ಒಂದೇ ಕಟ್ಟಿನಲ್ಲಿರಬಹುದು. ಬಿಚ್ಚಿ ಬೇರೆ ದಾರಿಯಲ್ಲಿ ಎಳೆಯಿರಿ.

ಮೀಟರ್ ಸರಿ, ತಳವೇ ಹಾಗೆ

ಸದ್ದು ಹೋಗುವುದು ಕೊಳವೆಯಂತೆ ನೆಟ್ಟಗಲ್ಲ, ಶಂಕುವಿನಂತೆ ಹರಡಿಕೊಂಡು. 20 ಡಿಗ್ರಿಯ ಶಂಕು 10 ಮೀಟರ್ ಕೆಳಗೆ ಮೂರೂವರೆ ಮೀಟರ್ ಅಗಲ ಆಗಿರುತ್ತದೆ. ಮೊದಲು ವಾಪಸ್ ಬರುವುದು ಅಷ್ಟಗಲದಲ್ಲಿ ಅತಿ ಹತ್ತಿರ ಇರುವ ಜಾಗದ ಮಾರ್ದನಿ. ಮುಳುಗಿದ ಗುಡ್ಡದ ಇಳಿಜಾರಿನ ಮೇಲೆ ಹಗ್ಗಕ್ಕಿಂತ ಮೀಟರ್ ಕಮ್ಮಿ ತೋರಿಸಿದರೆ ಅದು ಸರಿಯಾಗಿಯೇ ಕೆಲಸ ಮಾಡುತ್ತಿದೆ. ಹಿನ್ನೀರಿನಲ್ಲಿ ಮುಳುಗಿರುವ ಮರದ ಬೊಡ್ಡೆಗಳೂ ಹಾಗೆಯೇ ಒಂದು ಕ್ಷಣ ಸಂಖ್ಯೆ ಕುಣಿಸುತ್ತವೆ. ಆ ಕುಣಿತವನ್ನು ಡ್ಯಾಂಪಿಂಗ್ (ಸಂಖ್ಯೆಯ ಏರಿಳಿತವನ್ನು ನಯಗೊಳಿಸುವ ಸೆಟ್ಟಿಂಗ್) ಏರಿಸಿ ಅಡಗಿಸಬೇಡಿ. ಹೂಳಿನ ತಳದಲ್ಲಿ 200 ಕಿಲೋಹರ್ಟ್ಸ್ ಮೆತ್ತನೆ ಕೆಸರಿನ ಮೇಲ್ಭಾಗಕ್ಕೇ ಬಡಿದು ಬರಬಹುದು. ಗುಂಡು ಮಾತ್ರ ಕೆಸರೊಳಗೆ ಇಳಿದು ಹೋಗುತ್ತದೆ. ಸೋಪು ಮೆತ್ತಿದ್ದು ಇದನ್ನು ತಿಳಿಯಲಿಕ್ಕೇ.

ನೀರಿನ ಬಿಸಿ: ಮಲ್ಟಿಮೀಟರ್ ಸಾಕು

ಇಂಥ ಸೆನ್ಸರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಥರ್ಮಿಸ್ಟರ್. ಬಿಸಿ ಏರಿದರೆ ಅದರ ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, ಇಳಿಯುತ್ತದೆ. ಮಲ್ಟಿಮೀಟರ್‌ನಲ್ಲಿ ಅಳೆಯಬೇಕಾದ್ದು ಇದನ್ನೇ, ಓಮ್ ಲೆಕ್ಕದಲ್ಲಿ. ಹೆಚ್ಚಾಗಿ ಸಿಗುವ ಬಗೆ 25 ಡಿಗ್ರಿಯಲ್ಲಿ 10,000 ಓಮ್, 30ರಲ್ಲಿ ಸುಮಾರು 8,000, ಸೊನ್ನೆಯಲ್ಲಿ 33,000ದ ಆಸುಪಾಸು. 25ರ ಹತ್ತಿರ ಒಂದು ಡಿಗ್ರಿಗೆ ಸುಮಾರು 440 ಓಮ್ ಅಂತ ನೆನಪಿಟ್ಟುಕೊಳ್ಳಿ, ಉಳಿದದ್ದು ತಾನೇ ಬಿಚ್ಚಿಕೊಳ್ಳುತ್ತದೆ.

ಕನೆಕ್ಟರ್ ಪಿನ್ನು ಹಸಿರುಗಟ್ಟಿದೆ ಅಂದುಕೊಳ್ಳಿ. ದಾರಿಯಲ್ಲಿ ಇನ್ನೊಂದಿಷ್ಟು ರೋಧ ಸೇರಿತು. ಮೀಟರ್‌ಗೆ ಒಟ್ಟು ರೋಧ ಜಾಸ್ತಿ ಕಾಣುತ್ತದೆ, ಹಾಗಾಗಿ ನೀರು ತಣ್ಣಗಿದೆ ಅನ್ನುತ್ತದೆ. 440 ಓಮ್ ಸೇರಿದರೆ ಒಂದು ಡಿಗ್ರಿ ಕಮ್ಮಿ. ಅದೇ ಕನೆಕ್ಟರ್ ಒಳಗೆ ನೀರು ಹೋಗಿದ್ದರೆ ಉಲ್ಟಾ. ಎರಡು ಪಿನ್ನಿನ ನಡುವೆ ಕರೆಂಟ್ ಸೋರುತ್ತದೆ. ಸೋರುವ ದಾರಿ ಒಂದು ಲಕ್ಷ ಓಮ್ ಇದ್ದರೂ 10,000 ಇದ್ದದ್ದು 9,090 ಆಗಿ, ಎರಡು ಡಿಗ್ರಿ ಜಾಸ್ತಿ ಬರುತ್ತದೆ. ವೈರು ಪೂರಾ ತುಂಡಾದರೆ ಸೊನ್ನೆಗೂ ಎಷ್ಟೋ ಕೆಳಗೆ, ಶಾರ್ಟ್ ಆದರೆ ಸುಡು ಬಿಸಿ. ಅಂದರೆ ತಣ್ಣಗೆ ತೋರಿಸಿದರೆ ತುಕ್ಕು ಹುಡುಕಿ, ಬೆಚ್ಚಗೆ ತೋರಿಸಿದರೆ ತೇವ ಹುಡುಕಿ. ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು.

ಸರಿ ನೋಡಲು ಐಸ್ ಪುಡಿ ಮಾಡಿ, ಮುಳುಗುವಷ್ಟೇ ನೀರು ಹಾಕಿ, ಕಲಕುತ್ತಾ ಸೆನ್ಸರ್ ಇಳಿಬಿಡಿ. ಸೊನ್ನೆಗೆ ಬಂದು ನಿಲ್ಲಬೇಕು. ಇನ್ನೊಂದು ತುದಿಗೆ ಕುದಿಯುವ ನೀರು ಬೇಡ. ಸೆನ್ಸರ್ ಹಾಳಾಗುತ್ತದೆ ಅನ್ನುವುದು ಒಂದು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ ಅನ್ನುವುದು ಇನ್ನೊಂದು. ಬಕೆಟ್‌ನಲ್ಲಿ ಉಗುರುಬೆಚ್ಚಗಿನ ನೀರಿಟ್ಟು ಬೇರೊಂದು ಥರ್ಮಾಮೀಟರ್ ಜೊತೆ ತಾಳೆ ನೋಡಿ. ಎಸ್.ಪಿ. ರಸ್ತೆಯಲ್ಲಿ ಸಿಗುವ ಡಿಎಸ್18ಬಿ20 ಅನ್ನುವ ಡಿಜಿಟಲ್ ಸೆನ್ಸರ್ ಇದಕ್ಕೆ ಸಾಕು. ಅಸಲಿಯಾದರೆ ಅರ್ಧ ಡಿಗ್ರಿಯೊಳಗೆ ಇರುತ್ತದೆ. ಅದನ್ನು ನೀವೇ ಜೋಡಿಸುವುದಾದರೆ 85 ಅಂತ ಬಂದ ಕೂಡಲೇ ಗಾಬರಿ ಬೇಡ. ಪವರ್ ಬಂದಾಗ, ಅಳೆಯುವ ಮೊದಲು ಅದರಲ್ಲಿ ಇರುವ ಸಂಖ್ಯೆಯೇ 85.

ಮನೆಯ ಸಂಪು

ಆಳದ ಸೆನ್ಸರ್ ಬಕೆಟ್‌ನಲ್ಲಿ ಪರೀಕ್ಷೆಗೆ ಸಿಗುವುದಿಲ್ಲ, ನೀರು ಸಾಲದು. ಸಂಪು ಆಗುತ್ತದೆ. ಸೆನ್ಸರನ್ನು ಚೆನ್ನಾಗಿ ತೊಳೆದು ನೀರಿನ ಮೇಲ್ಮೈಗಿಂತ ಸ್ವಲ್ಪ ಕೆಳಗೆ ಇಳಿಬಿಡಿ. ಗೋಡೆಗಳಿಂದಲೂ ಮಾರ್ದನಿ ಬರುವುದರಿಂದ ಸಂಖ್ಯೆಯನ್ನು ಅಷ್ಟಾಗಿ ನಂಬಬೇಡಿ. ಇಲ್ಲಿ ತಿಳಿಯುವುದು ಸೆನ್ಸರ್ ಬದುಕಿದೆಯೋ ಇಲ್ಲವೋ ಅಂತ ಮಾತ್ರ. ನೀರಿಲ್ಲದೆ ಸುಮ್ನೆ ಆನ್ ಮಾಡಿ ಬಿಡಬೇಡಿ, ಬಿಲ್ಲೆ ಬಿಸಿಯಾಗುತ್ತದೆ.

ಎನ್‌ಎಂಇಎ 2000 ಕೇಬಲ್‌ನಲ್ಲಿ (ಬೋಟಿನ ಉಪಕರಣಗಳು ಒಂದಕ್ಕೊಂದು ಮಾಹಿತಿ ಕಳಿಸುವ ಜಾಲ) ಹಲವು ಉಪಕರಣ ಜೋಡಿಸಿದ್ದು, ಎಲ್ಲವೂ ಆಗಾಗ ಒಟ್ಟಿಗೆ ಮಾಯವಾದರೆ ಸೆನ್ಸರ್ ಬಿಟ್ಟು ಕೇಬಲ್ ನೋಡಿ. ಪವರ್ ತೆಗೆದು ಎರಡು ಡೇಟಾ ವೈರುಗಳ ನಡುವೆ ಅಳೆದರೆ 60 ಓಮ್ ಬರಬೇಕು. 120 ಬಂದರೆ ಒಂದು ತುದಿಯ ಟರ್ಮಿನೇಟರ್ (ಕೇಬಲ್‌ನ ಎರಡೂ ತುದಿಗೆ ಹಾಕುವ 120 ಓಮ್ ರೋಧ) ಇಲ್ಲ.

ಇಷ್ಟೆಲ್ಲ ಆದಮೇಲೂ ಸಂಪಿನಲ್ಲಿ ಸತ್ತಂತಿದ್ದು, ಬೇರೆ ಡಿಸ್‌ಪ್ಲೇಗೆ ಹಾಕಿದರೂ ಮಾತಾಡದಿದ್ದರೆ ಹೊಸದು ಕೊಳ್ಳಿ. ಕೊಳ್ಳುವಾಗ ನಿಮ್ಮ ಡಿಸ್‌ಪ್ಲೇಗೆ ಹೊಂದುತ್ತದೆಯೇ ಅಂತ ಕೇಳಿ. ಕೇಬಲ್ ಉದ್ದ ಹೆಚ್ಚಾದರೆ ಕತ್ತರಿಸಬೇಡಿ, ಎಂಟರ ಆಕಾರದಲ್ಲಿ ಸುತ್ತಿ ಕಟ್ಟಿಡಿ. ನಡುವೆ ಹಾಕಿದ ಜಾಯಿಂಟ್ ಮುಂದಿನ ಮಳೆಗಾಲಕ್ಕೆ ಮತ್ತೆ ಎರಡು ಡಿಗ್ರಿ ಜಾಸ್ತಿ ತೋರಿಸಲು ಶುರುಮಾಡುತ್ತದೆ.