ಮೊಂಡು ರೆಕ್ಕೆ, ಉದ್ದ ರೆಕ್ಕೆ

ಕಾವೇರಿ ಸಂಕ್ರಮಣ ಕಳೆದು ವಾರವಾಗಿತ್ತು. ಕೊಡಗಿನ ಪೊನ್ನಂಪೇಟೆ ಕಡೆಯ ಒಂದು ಗದ್ದೆಯ ನಡುವೆ, ಯಾರೋ ಬೆಂಕಿ ಹಚ್ಚಿ ಆರಿಸಿದಂತೆ ಪೈರು ದುಂಡಗೆ ಒಣಗಿ ನಿಂತಿತ್ತು. ಗದ್ದೆಯವರು ಅಂಚಿನ ಹಸಿರು ಬುಡವೊಂದನ್ನು ಬಗ್ಗಿಸಿ ಅಂಗೈಯಿಂದ ತಟ್ಟಿದರು. ಅಕ್ಕಿಕಾಳಿಗಿಂತ ಚಿಕ್ಕ ಕಂದು ಹುಳುಗಳು ನೀರಿನ ಮೇಲೆ ಉದುರಿದವು. “ತಿಂಗಳ ಹಿಂದೆ ಇದ್ದವು ಮೊಂಡು ರೆಕ್ಕೆಯವು. ಇವು ಹಾರುತ್ತವೆ. ಬೇರೆ ಯಾವುದೋ ಜಾತಿ ಬಂದು ಸೇರಿಕೊಂಡಿದೆ” ಎಂದರು.

ಕಣ್ಣು ಚುರುಕಾಗಿಯೇ ಇತ್ತು, ತೀರ್ಮಾನ ಮಾತ್ರ ತಪ್ಪಿತ್ತು. ಎರಡೂ ಒಂದೇ ಹುಳು, ಭತ್ತದ ಕಂದು ಜಿಗಿಹುಳು. ಮರಿಯಾಗಿದ್ದಾಗ ಬುಡದಲ್ಲಿ ಜಾಗ ಧಾರಾಳವಾಗಿ, ರಸ ಸಮೃದ್ಧವಾಗಿ ಇದ್ದರೆ ಅದು ಹೆಚ್ಚಾಗಿ ಮೊಂಡು ರೆಕ್ಕೆಯ ಹುಳುವಾಗುತ್ತದೆ. ಮೈಗೆ ಮೈ ತಾಗುವಷ್ಟು ಸಂದಣಿಯಾಗಿ ಪೈರು ಸೊರಗಿದರೆ, ಅದೇ ತಾಯಿಯ ಮರಿಗಳಿಗೆ ಉದ್ದ ರೆಕ್ಕೆ ಮೂಡುತ್ತದೆ. ಇದರ ಹಿಂದೆ ಇನ್ಸುಲಿನ್ ಸಂಕೇತವನ್ನು ಹಿಡಿಯುವ ಎರಡು ಗ್ರಾಹಕಗಳಿವೆ, ಒಂದು ರೆಕ್ಕೆಯನ್ನು ಬೆಳೆಸಿದರೆ ಇನ್ನೊಂದು ತಡೆಯುತ್ತದೆ ಎಂದು ಚೀನಾದ ಸಂಶೋಧಕರು 2015ರಲ್ಲಿ ತೋರಿಸಿದರು. ನಮ್ಮಲ್ಲಿ ಸಕ್ಕರೆ ಕಾಯಿಲೆಯ ಮಾತು ಬಂದಾಗಲಷ್ಟೇ ನೆನಪಾಗುವ ಇನ್ಸುಲಿನ್ನಿಗೆ ಗದ್ದೆಯಲ್ಲಿ ಇಂಥ ಕೆಲಸ!

ವಂಶವಾಹಿ ಬದಲಾಗದೆ, ಸುತ್ತಲಿನ ಸ್ಥಿತಿಗೆ ತಕ್ಕಂತೆ ಮೈಯೋ ನಡವಳಿಕೆಯೋ ಬದಲಾಗುವ ಈ ಗುಣಕ್ಕೆ ಲಕ್ಷಣಗಳ ನಮ್ಯತೆ ಎನ್ನಬಹುದು. ನನಗೆ ಇದರಲ್ಲಿ ಕುತೂಹಲ ಹುಟ್ಟಿಸುವುದು ರೆಕ್ಕೆಗಿಂತ ಅದು ಎಬ್ಬಿಸುವ ಲೆಕ್ಕ. ಮೊಂಡು ರೆಕ್ಕೆಯ ಹೆಣ್ಣಿಗೆ ಹಾರಾಟದ ಖರ್ಚಿಲ್ಲ. ಅದು ಬೇಗ ಮೊಟ್ಟೆಯಿಡುತ್ತದೆ, ಹೆಚ್ಚು ಇಡುತ್ತದೆ. ಸಂಖ್ಯೆ ಏರುತ್ತದೆ. ಏರಿದ ಸಂಖ್ಯೆಯೇ ಮುಂದಿನ ಮರಿಗಳಿಗೆ ರೆಕ್ಕೆ ಕೊಡುತ್ತದೆ, ರೆಕ್ಕೆ ಬಂದವು ಎದ್ದು ಹೋಗುತ್ತವೆ. ಇಲ್ಲಿ ಸಂಖ್ಯೆ ಇಳಿದರೆ ಎಲ್ಲೋ ಇನ್ನೊಂದು ಗದ್ದೆಯಲ್ಲಿ ಏರತೊಡಗುತ್ತದೆ. ಗಾಳಿ ಸಿಕ್ಕರೆ ಇವು ಸಮುದ್ರವನ್ನೂ ದಾಟುತ್ತವೆ. ಚಳಿಗಾಲದಲ್ಲಿ ಇವು ಬದುಕಲಾರದ ಜಪಾನಿಗೆ ಪ್ರತಿವರ್ಷ ಹೊಸ ದಂಡು ಹೋಗುವುದು ಹೀಗೆಯೇ. ಹುಟ್ಟು ಸಾವುಗಳನ್ನಷ್ಟೇ ಎಣಿಸುತ್ತ ಕುಳಿತವರಿಗೆ ಈ ಏರಿಳಿತ ಅರ್ಥವಾಗದು.

ದೊಡ್ಡ ಪ್ರಾಣಿಗಳಲ್ಲೂ ಇದು ಉಂಟು. ಅಮೆರಿಕದ ಕೊಲರಾಡೊ ಬೆಟ್ಟಗಳಲ್ಲಿ ಮಾರ್ಮಟ್ ಎಂಬ ದಪ್ಪ ನೆಲ ಅಳಿಲುಗಳನ್ನು 1976ರಿಂದ 2008ರವರೆಗೆ ಹಿಡಿದು ತೂಗಿದ ದಾಖಲೆಯಿದೆ. ಅವು ಚಳಿಗಾಲದ ನಿದ್ದೆಯಿಂದ ಬೇಗ ಏಳತೊಡಗಿದವು, ಮೇಯಲು ಹೆಚ್ಚು ದಿನ ಸಿಕ್ಕಿತು, ಮೈ ತುಂಬಿತು. 2000ದ ನಂತರ ಅವುಗಳ ಸಂಖ್ಯೆ ಒಮ್ಮೆಲೇ ಏರಿತು. ತೂಕ ಹೆಚ್ಚಿದ್ದು ಬಹುಪಾಲು ನಮ್ಯತೆಯಿಂದ, ವಂಶವಾಹಿಯ ಆಯ್ಕೆಯಿಂದಲ್ಲ.

ಆದರೆ ನಮ್ಯತೆ ಪುಕ್ಕಟೆಯಲ್ಲ. ಮುಂಗಾರಿಗೆ ಮೊದಲಿನ ಮಳೆಗೆ ತೋಟದ ಗುಂಡಿಗಳಲ್ಲಿ ನೀರು ನಿಂತು ಗೊದಮೊಟ್ಟೆಗಳು ತುಂಬುತ್ತವೆ. ಮಳೆ ಕೈಕೊಟ್ಟು ನೀರು ಇಂಗಿದರೆ ಅನೇಕ ಜಾತಿಗಳ ಗೊದಮೊಟ್ಟೆಗಳು ಅವಸರದಲ್ಲಿ ಕಾಲು ಮೂಡಿಸಿಕೊಂಡು ಮೇಲೆ ಬರುತ್ತವೆ. ಎಣಿಸಿದರೆ ಕಪ್ಪೆಗಳ ಸಂಖ್ಯೆ ಚೆನ್ನಾಗಿಯೇ ಕಾಣಬಹುದು. ಅಂಗೈಯಲ್ಲಿಟ್ಟು ನೋಡಿದರೆ ಒಂದೊಂದೂ ಉಗುರಿನಷ್ಟು. ಸಣ್ಣದಾಗಿ ಹೊರಬಂದ ಕಪ್ಪೆ ಬದುಕುಳಿಯುವುದು ಕಷ್ಟ, ಉಳಿದರೂ ಮೊಟ್ಟೆಯಿಡಲು ತಡ. ಈ ವರ್ಷದ ಬರದ ಸಾಲ ಎರಡು ವರ್ಷದ ನಂತರ ಗುಂಡಿಯ ಮೌನದಲ್ಲಿ ಲೆಕ್ಕಕ್ಕೆ ಬರುತ್ತದೆ. ಇನ್ನು ನೀರು ನಾಲ್ಕೇ ದಿನದಲ್ಲಿ ಬತ್ತಿದರೆ ಯಾವ ಅವಸರವೂ ಸಾಲದು.

ಆ ಗದ್ದೆಯವರು ಈಗ ಸೆಪ್ಟೆಂಬರ್ ಮೊದಲಲ್ಲಿ ಬರುವ ಕೊಡವರ ಹಬ್ಬ ಕೈಲ್ ಮುಹೂರ್ತ ಮುಗಿದ ಮೇಲೆ ದಿನ ಬಿಟ್ಟು ದಿನ ಗದ್ದೆಗೆ ಇಳಿದು ಬುಡ ಬಗ್ಗಿಸಿ ನೋಡುತ್ತಾರೆ. ಹುಡುಕುವುದು ಮೊಂಡು ರೆಕ್ಕೆಯವನ್ನು.